ಚಿತ್ರದ ಪಕ್ಕದ ಚೀಟಿ: ಒಂದು ತಾತ್ತ್ವಿಕ ಅನುಸಂಧಾನ

ಚಿತ್ರಕಲೆಗೆ ಆರು ಅಂಗಗಳೆಂದು ಕಾಮಸೂತ್ರದ ವ್ಯಾಖ್ಯಾನಕಾರ ಯಶೋಧರ ಎಣಿಸಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಪಂಡಿತರು ಈ ಷಡಂಗವನ್ನು ಶತಮಾನಗಳಿಂದ ಬಾಯಿಪಾಠ ಮಾಡಿಕೊಂಡು ಬಂದರೂ ಏಳನೆಯ ಅಂಗವೊಂದು ಬಿಟ್ಟುಹೋಗಿರುವುದು ಯಾರ ಗಮನಕ್ಕೂ ಬಂದಿಲ್ಲ. ಅದು ಚೀಟಿ. ಅಂದರೆ ಗ್ಯಾಲರಿಯಲ್ಲಿ ಚಿತ್ರದ ಮಗ್ಗುಲಿಗೆ ಅಂಟಿಸಿರುವ, ಚಿತ್ರ ಏನೆಂದು ತಿಳಿಸುವುದಾಗಿ ಹೇಳಿಕೊಳ್ಳುವ ವಿವರಣಾಫಲಕ. ಈ ಲೋಪವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಸಮಕಾಲೀನ ಪ್ರದರ್ಶನದಲ್ಲಿ ಚೀಟಿಯೇ ಅಂಗಿ, ಚಿತ್ರ ಅದರ ಅಂಗ ಎಂಬುದು ನಮ್ಮ ಸಿದ್ಧಾಂತ. ಪ್ರತ್ಯಕ್ಷ ಪ್ರಮಾಣ ಬೇಕಾದವರು ಯಾವ ಗ್ಯಾಲರಿಯಲ್ಲಾದರೂ ಹತ್ತು ನಿಮಿಷ ನಿಂತು ನೋಡಲಿ. ಪ್ರೇಕ್ಷಕ ಚಿತ್ರದತ್ತ ಒಮ್ಮೆ ಕಣ್ಣು ಹಾಯಿಸುತ್ತಾನೆ, ಚೀಟಿಗೆ ಬಗ್ಗುತ್ತಾನೆ, ಕನ್ನಡಕ ಮೇಲೇರಿಸಿಕೊಂಡು ಕೊನೆಯ ಅಕ್ಷರದವರೆಗೆ ಓದುತ್ತಾನೆ, ಆಮೇಲೆ ಚಿತ್ರದತ್ತ ಅಪರಾಧಿಯಂತೆ ಇನ್ನೊಂದು ನೋಟ ಬೀರಿ ಮುಂದಕ್ಕೆ ಸರಿಯುತ್ತಾನೆ. ಬಂದದ್ದು ಓದುವುದಕ್ಕೆ; ಚಿತ್ರ ಇದ್ದದ್ದು ಓದಿನ ನಡುವೆ ಕಣ್ಣಿಗೆ ಬಿಡುವು ಸಿಗಲೆಂದು.

ಚೀಟಿಗಳಲ್ಲಿ ಐದು ಪ್ರಭೇದಗಳು. ಮೊದಲನೆಯದು ಮುಖಾಮುಖಿ ಚೀಟಿ. ಇದರಲ್ಲಿ ಕಲಾವಿದ ಯಾವುದನ್ನೂ ಬಿಡಿಸುವುದಿಲ್ಲ, ಎಲ್ಲವನ್ನೂ ಮುಖಾಮುಖಿಯಾಗುತ್ತಾನೆ. ಕುದುರೆಯ ಚಿತ್ರವಿದ್ದರೆ ಕುದುರೆತನದೊಂದಿಗೆ ಮುಖಾಮುಖಿ, ಖಾಲಿ ಕ್ಯಾನ್ವಾಸ್ ಇದ್ದರೆ ಶೂನ್ಯದೊಂದಿಗೆ ಮುಖಾಮುಖಿ. ಎರಡನೆಯದು ಸಂಕಥನ ಚೀಟಿ. ಮಾದರಿಗಾಗಿ ನಾವೇ ಹೊಸೆದ ವಾಕ್ಯವೊಂದನ್ನು ಕೊಡುತ್ತೇವೆ: ‘ಪರಿಧಿ ಮತ್ತು ಕೇಂದ್ರಗಳ ನಡುವಿನ ಅಸ್ಮಿತೆಯ ವಿಸ್ಥಾಪನೆಯನ್ನು ದೇಹದ ನೆಲೆಯಲ್ಲಿ ನಿರಚನೆಗೊಳಪಡಿಸುತ್ತಲೇ ಬಹುತ್ವದ ಹೊಸ ಸಂಕಥನವೊಂದಕ್ಕೆ ಈ ಕೃತಿಯು ಅವಕಾಶವನ್ನು ತೆರೆದಿಡುತ್ತದೆ.’ ಈ ವಾಕ್ಯದ ಸೊಗಸೆಂದರೆ ಇದನ್ನು ಕಿತ್ತು ಪಕ್ಕದ ಚಿತ್ರಕ್ಕೆ ಅಂಟಿಸಿದರೂ ಅರ್ಥ ಕೂದಲೆಳೆಯಷ್ಟೂ ಕೆಡುವುದಿಲ್ಲ. ಬ್ರಹ್ಮವಸ್ತುವಿಗೆ ಮಾತ್ರ ಸಲ್ಲುವ ಈ ಸರ್ವವ್ಯಾಪಕತೆ ಚೀಟಿಗೂ ದಕ್ಕಿರುವುದನ್ನು ವೇದಾಂತಿಗಳು ಗಮನಿಸಬೇಕು. ಮೂರನೆಯದು ಬಾಲ್ಯಸ್ಮೃತಿ ಚೀಟಿ. ಇದರಲ್ಲಿ ಅಜ್ಜಿಯ ಸೀರೆ ಕಡ್ಡಾಯ. ನಾಲ್ಕನೆಯದೂ ಐದನೆಯದೂ ಮೊದಲ ಮೂರರ ಮಿಶ್ರತಳಿಗಳಾದ್ದರಿಂದ ಅವುಗಳ ಗೋಜು ಬೇಡ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಆಧುನಿಕ ಕಲೆ ವಿಚಾರಪ್ರಧಾನ, ವಿವರಣೆಯಿಲ್ಲದೆ ಅದು ತಿಳಿಯುವುದಿಲ್ಲ, ಆದ್ದರಿಂದ ಚೀಟಿ ಅನಿವಾರ್ಯ ಎಂಬುದು ಆಕ್ಷೇಪ. ಇದಕ್ಕೆ ಬಾಳೆಹಣ್ಣಿನ ದೃಷ್ಟಾಂತವಿದೆ. ಇಟಲಿಯ ಮೌರಿಜಿಯೊ ಕಟ್ಟೆಲಾನ್ 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿ ‘ಕಮೀಡಿಯನ್’ ಎಂದು ಹೆಸರಿಟ್ಟ. ಬೆಲೆ 1,20,000 ಡಾಲರ್. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಅದರದೊಂದು ಪ್ರತಿ ಸುಮಾರು 62 ಲಕ್ಷ ಡಾಲರಿಗೆ ಹೋಯಿತು. ಕೊಂಡ ಕ್ರಿಪ್ಟೋ ಉದ್ಯಮಿ ಕೆಲವೇ ದಿನಗಳಲ್ಲಿ ಹಾಂಕಾಂಗಿನಲ್ಲಿ ಹಣ್ಣು ಸುಲಿದು ತಿಂದ. ಕಲಾಕೃತಿಗೆ ಏನೂ ಆಗಲಿಲ್ಲ. ಏಕೆಂದರೆ ಮಾರಾಟವಾದದ್ದು ಹಣ್ಣಲ್ಲ, ಪ್ರಮಾಣಪತ್ರ ಮತ್ತು ಅದರ ಜೊತೆಗಿನ ಸೂಚನೆಗಳು. ಕಾಗದವೇ ಕೃತಿ ಎಂಬ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಮುದ್ರೆ ಬೇಕಿಲ್ಲ. ಆದರೆ ಒಂದು ತೊಡಕಿದೆ. ಆ ಕಾಗದದ ಕೆಲಸ ಹಣ್ಣನ್ನು ಹೇಗೆ ಅಂಟಿಸಬೇಕು, ಕೊಳೆತರೆ ಏನು ಮಾಡಬೇಕು ಎಂದು ಬಿಡಿಸಿ ಹೇಳುವುದು. ಲೋಕವನ್ನೇ ಗೇಲಿಮಾಡಲು ಹೊರಟವನು ಕೂಡ ತನ್ನ ಕಾಗದವನ್ನು ಇನ್ನೊಬ್ಬರ ಕೈಗೆ ಉಪಯೋಗಕ್ಕೆ ಬರುವಂತೆ ಇಟ್ಟುಕೊಂಡಿದ್ದಾನೆ. ಹಾಗಾದರೆ ಪ್ರಾಮಾಣಿಕವಾಗಿ ಒಂದು ಭೂದೃಶ್ಯ ಬರೆದವನ ಪಕ್ಕದಲ್ಲಿ ಈ ಮಂತ್ರಪುಷ್ಪ ಯಾಕೆ?

ಈ ಪ್ರಶ್ನೆಗೆ ಪಾಂಡಿತ್ಯದ ಮುಖವಾಡದಿಂದ ಉತ್ತರ ಹೇಳುವುದು ಕಷ್ಟ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೈದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ದೀಪಕ್ಕೆ ಮರೆಯಾಗಿ ಹಿಡಿದ ಅಂಗೈಯ ಬೆರಳ ಸಂದಿಗಳಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ, ಮುಖಕ್ಕೂ ಸೀರೆಗೂ ಅದೇ ಬೆಳಕು. ತಲೆಮಾರುಗಟ್ಟಲೆ ಜನ ಅದರ ಮುಂದೆ ನಿಂತು ರವಿವರ್ಮನ ತೈಲಚಿತ್ರವೆಂದುಕೊಂಡು ಮನೆಗೆ ಹೋಗಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್, ಅದು ಜಲವರ್ಣ, ರೂಪದರ್ಶಿ ಅವರ ಸ್ವಂತ ಮಗಳು. ಒಮ್ಮೆ ಹಾಕಿದ ಬಣ್ಣವನ್ನು ತೈಲದ ಹಾಗೆ ಮುಚ್ಚಿ ತಿದ್ದಲು ಜಲವರ್ಣದಲ್ಲಿ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಆ ಬೆರಳುಗಳನ್ನು ನೋಡುವ ಕಣ್ಣೇ ಬೇರೆ. ವೀಣೆಯ ಹುಚ್ಚನ್ನೇ ವಸ್ತುವಾಗಿಸಿಕೊಂಡ ಕೆ. ವೆಂಕಟಪ್ಪನವರ ಉಬ್ಬುಶಿಲ್ಪದ ಪಕ್ಕದಲ್ಲಿ, ಅವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು ಎಂಬ ಒಂದು ಸಾಲು ಸಾಕು. ಮೈಸೂರು ಶೈಲಿಯಲ್ಲಿ ಒಡವೆಯ ಉಬ್ಬುಗೆಲಸ ತೆಳುವಾಗಿರುತ್ತದೆ, ತಂಜಾವೂರಿನದು ದಪ್ಪ ಎಂದು ಹೇಳಿದರೆ ಶಾಲೆಯ ಹುಡುಗಿಯೂ ಎರಡನ್ನೂ ಬೇರೆ ಮಾಡಿ ಗುರುತಿಸುತ್ತಾಳೆ. ಕಣ್ಣು ತೆರೆಸುವುದು ಇಂಥ ಸಣ್ಣ ಸಂಗತಿ. ಅದನ್ನು ಹೇಳಬಲ್ಲ ಜಾಗವನ್ನೆಲ್ಲ ಅಸ್ಮಿತೆಯೂ ಬಹುತ್ವವೂ ನುಂಗಿಹಾಕಿವೆ. ಅದೂ ಎಷ್ಟೋ ಕಡೆ ಬರೀ ಇಂಗ್ಲಿಷಿನಲ್ಲಿ. ಬಸ್ಸು ಹಿಡಿದು, ಮಕ್ಕಳ ಕೈಹಿಡಿದು ಚಿತ್ರ ನೋಡಲು ಬಂದವರಿಗೆ ‘ಇದು ನಿಮಗಲ್ಲ’ ಎಂದು ಗೋಡೆಯಿಂದಲೇ ಹೇಳುವ ಹಕ್ಕು ಈ ಬರಹಗಾರರಿಗೆ ಕೊಟ್ಟವರು ಯಾರು? ಇದು ವಿದ್ವತ್ತಲ್ಲ, ದರ್ಪ.

ಸಿದ್ಧಾಂತವೇ ಬೇಡವೆಂದರೆ ಅಭಿರುಚಿ ಕ್ಯಾಲೆಂಡರ್ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಕೊನೆಯ ಆಕ್ಷೇಪ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಚಿತ್ರಸಂತೆಯನ್ನು ಆಕ್ಷೇಪಿಸುವವರು ಇದಕ್ಕೆ ಸಾಕ್ಷಿಯಾಗಿ ತೋರಿಸಬಹುದು. ಅಲ್ಲಿ ಬುದ್ಧ, ಗಣಪತಿ, ಕುದುರೆಗಳ ಹಾವಳಿ ಇರುವುದು ನಿಜ. ಆದರೆ ಅಲ್ಲಿ ಚಿತ್ರದ ಪಕ್ಕದಲ್ಲಿ ಚೀಟಿಯ ಬದಲು ಬರೆದವರೇ ನಿಂತಿರುತ್ತಾರೆ. ‘ಇದು ಆಯಿಲ್ಲಾ, ಅಕ್ರಿಲಿಕ್ಕಾ? ಎಷ್ಟು ದಿನ ಹಿಡೀತು? ಎಷ್ಟಕ್ಕೆ ಕೊಡ್ತೀರಿ?’ ಎಂದು ಜನ ಕೇಳುತ್ತಾರೆ, ಅವರು ಹೇಳುತ್ತಾರೆ. ಇವು ದಡ್ಡ ಪ್ರಶ್ನೆಗಳಲ್ಲ. ವಸ್ತು, ಶ್ರಮ, ಬೆಲೆ ಎಂಬ ಮೂರು ಬಾಗಿಲುಗಳಿಂದಲೇ ಜನ ಕಲೆಯೊಳಕ್ಕೆ ಬರುವುದು. ಒಳಗೆ ಬಂದವರಿಗೆ ಸಿದ್ಧಾಂತ ಬೇಕಾದರೆ ಅದಕ್ಕೆ ಪುಸ್ತಕಗಳಿವೆ. ಗ್ಯಾಲರಿ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಯಾರು ಬರೆದದ್ದು, ಯಾವಾಗ, ಯಾವ ಬಣ್ಣದಿಂದ, ಯಾವುದರ ಮೇಲೆ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಬರೆಯಿರಿ. ಚಿತ್ರದಲ್ಲಿ ಕಣ್ಣು ತಪ್ಪಿಸಿಕೊಳ್ಳಬಹುದಾದ ಒಂದು ವಿವರ ತೋರಿಸಿಕೊಡಿ. ಅಲ್ಲಿಗೆ ಪೆನ್ನು ಕೆಳಗಿಡಿ.