ಒಂದೂ ಮರವಿಲ್ಲದ ಕಾಡು

ಸಾಲ ಕೇಳುವವನನ್ನು ದೂರದಿಂದಲೇ ಗುರುತಿಸಿ ರಸ್ತೆ ದಾಟಿಬಿಡಬಹುದು. ಮನೆಯಲ್ಲೇ ಕಟ್ಟಿದ ಒಗಟನ್ನು ಸಿಕ್ಕವರಿಗೆಲ್ಲ ಒಡ್ಡುವ ಒಗಟಪ್ಪನ ವಿಷಯದಲ್ಲಿ ಆ ಅನುಕೂಲವಿಲ್ಲ. ಅವನು ಕುಶಲ ವಿಚಾರಿಸುತ್ತಲೇ ಬರುತ್ತಾನೆ: 'ಏನಪ್ಪಾ, ಆರಾಮಾ? ಮನೇಲೆಲ್ಲ ಚೆನ್ನಾಗಿದಾರಾ? ಏಣಿಗೆ ತುಂಬಾ ಇಷ್ಟವಾದ ಸಂಖ್ಯೆ ಯಾವುದು ಹೇಳು?' ಕೇಳಿಸಿಕೊಂಡವನು ಇನ್ನೂ ಮನೆಯವರ ಆರೋಗ್ಯದಲ್ಲೇ ಇರುವಾಗ 'ಹತ್ತು!' ಎಂದು ತಾನೇ ಹೇಳಿ ನಗುತ್ತಾನೆ. ಅದರ ಬೆನ್ನಿಗೇ ದೀಪಕ್ಕೆ ಕಂಡರಾಗದ ಸಂಖ್ಯೆ; ಅದು ಆರು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತನೆಂದರೆ, ಅನ್ನದ ಗುಂಡಿಗೆ ಸಾರು ಬೀಳುವ ಹೊತ್ತಿಗೆ ಸರಿಯಾಗಿ ಅವನ ಪ್ರಶ್ನೆಯೂ ಬೀಳುತ್ತದೆ. ಎದ್ದು ಹೋಗುವಂತಿಲ್ಲ, ಪಾಯಸ ಇನ್ನೂ ಬಂದಿಲ್ಲ. ಇಂಥವನನ್ನು ಲೋಕ ಜಂಬಗಾರ ಎನ್ನುತ್ತದೆ: ತನ್ನ ಜಾಣತನ ಮೆರೆಸಲು ಊರವರನ್ನೆಲ್ಲ ದಡ್ಡರನ್ನಾಗಿ ಮಾಡುವವನು ಎಂದು. ಈ ತೀರ್ಪು ತಪ್ಪೆಂದು ನನ್ನ ವಾದ. ಒಗಟಪ್ಪ ಜಂಬಗಾರನಲ್ಲ, ಪರಾವಲಂಬಿ. ಭಾಷಣಕಾರನಿಗೆ ಮೈಕು ಸಿಕ್ಕರೆ ಸಾಕು, ಗಾಯಕನಿಗೆ ಬಚ್ಚಲುಮನೆಯಾದರೂ ನಡೆಯುತ್ತದೆ. ಆದರೆ ಒಗಟು ಬೈಟು ಕಾಫಿಯ ಹಾಗೆ, ಎದುರಿಗೊಬ್ಬ ಕೂರದೆ ಅದಕ್ಕೆ ಅರ್ಥವೇ ಇಲ್ಲ.

ಶಾಸ್ತ್ರವೂ ಅವನ ಪರವಾಗಿಯೇ ಇದೆ. ಸುಮಾರು 1,300 ವರ್ಷಗಳ ಹಿಂದೆಯೇ ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಪ್ರಹೇಳಿಕೆಗೆ, ಅಂದರೆ ಒಗಟಿಗೆ, ಮೂರು ಉಪಯೋಗ ಹೇಳಿದ್ದಾನೆ: ಗೋಷ್ಠಿಯಲ್ಲಿ ವಿನೋದ, ಗುಂಪಿನ ನಡುವೆ ಬಲ್ಲವರೊಳಗೆ ಗುಟ್ಟಿನ ಮಾತು, ಮತ್ತು ಎದುರಿನವರನ್ನು ತಬ್ಬಿಬ್ಬು ಮಾಡುವುದು. ಮೂರಕ್ಕೂ ಇನ್ನೊಬ್ಬರು ಬೇಕು. ವಾತ್ಸ್ಯಾಯನನ 64 ಕಲೆಗಳ ಪಟ್ಟಿಯಲ್ಲೂ ಪ್ರಹೇಳಿಕೆ ಇದೆ. ಒಗಟಪ್ಪ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ಹಿರಿಯರ ಮುಂದೆ ಮಾತ್ರ ಪುಸ್ತಕದ ಹೆಸರು ನುಂಗುತ್ತಾನೆ. ಇದಕ್ಕಿಂತ ಗಟ್ಟಿ ಸಾಕ್ಷಿ ಉತ್ತರ ಕರ್ನಾಟಕದ ಮದುವೆಮನೆಯಲ್ಲಿದೆ. ಅಲ್ಲಿ ಹೊಸ ಸೊಸೆ ಒಗಟಿನಂಥ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಆ ಹೆಸರು ಲಗ್ನಪತ್ರಿಕೆಯಲ್ಲಿ ಅಚ್ಚಾಗಿದೆ, ಹಂದರದ ಬಾಗಿಲಲ್ಲಿ ಹೂವಿನಲ್ಲೇ ಬರೆದಿದ್ದಾರೆ, ಅಡುಗೆಯವರಿಗೂ ಗೊತ್ತು. ಆದರೂ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೆಸರಲ್ಲ. ಆ ನೆಪದ ಸಲಿಗೆ, ನಾಚಿಕೆ, ನಗು. ಒಗಟಪ್ಪ ಕೇಳುವುದೂ ಇಷ್ಟನ್ನೇ. ವ್ಯತ್ಯಾಸವೆಂದರೆ ಅವನು ಮದುವೆ ಇಲ್ಲದ ದಿನವೂ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ.

'ಹಾಗಾದರೆ ಹಳೆಯ ಒಳ್ಳೊಳ್ಳೆ ಒಗಟುಗಳನ್ನೇ ಕೇಳಲಿ, ಮನೆಯಲ್ಲಿ ತಯಾರಿಸಿದ್ದೇಕೆ?' ಎಂಬ ಆಕ್ಷೇಪವಿದೆ. ಹಳೆಯದನ್ನು ಕೇಳಿದರೆ ಗೆಳೆಯ ಮೇಜಿನ ಕೆಳಗೆ ಮೊಬೈಲು ಒತ್ತಿ ಉತ್ತರ ಹೇಳಿಬಿಡುತ್ತಾನೆ. ನಿನ್ನೆ ರಾತ್ರಿ ಹುಟ್ಟಿದ ಒಗಟಿಗೆ ಗೂಗಲ್ಲಿನಲ್ಲಿ ಜಾತಕವಿಲ್ಲ, ತಲೆಯನ್ನೇ ಕೆರೆದುಕೊಳ್ಳಬೇಕು. ಜೊತೆಗೆ, ಮನೆಯ ಒಗಟಿನಲ್ಲಿ ನಮ್ಮ ಮಾತಿನ ಹೊಲಿಗೆ ಕಾಣುತ್ತದೆ. 'ಮೂರು ಕಾಲಿದೆ, ಸ್ಟೂಲಲ್ಲ. ಇನ್ನೊಂದು ಕಾಲು ಕೊಟ್ಟರೆ ಒಂದೇ ಒಂದಾಗುತ್ತದೆ, ಏನು?' ಉತ್ತರ: ಮುಕ್ಕಾಲು. ಕಾಲು ಕೆಜಿ, ಮುಕ್ಕಾಲು ಕೆಜಿ ಎಂದು ಜೀವಮಾನವಿಡೀ ತರಕಾರಿ ಕೊಂಡವನಿಗೂ ಆ ಪದದೊಳಗೆ ಮೂರು ಕಾಲು ಇರುವುದು ಅಂದೇ ಕಾಣುವುದು. ಇನ್ನೊಂದು: 'ಹೆಸರಲ್ಲೇ ಕೊಡುವುದಿಲ್ಲ ಎನ್ನುತ್ತದೆ, ಮಳೆ ಬಂದರೆ ಎಲ್ಲರೂ ಅದನ್ನೇ ಬೇಡುತ್ತಾರೆ.' ಉತ್ತರ ಕೊಡೆ. ಮಲೆನಾಡಿನಲ್ಲಿ ಇದು ಹೂವಿನಂತೆ ಅರಳುತ್ತದೆ, ಧಾರವಾಡದಲ್ಲಿ ಮುಗ್ಗರಿಸುತ್ತದೆ. 'ನಮ್ಮ ಕಡೆ ಅದಕ್ಕ ಛತ್ರಿ ಅಂತೀವಲ್ರೀ' ಎಂದು ಅಲ್ಲಿಯ ಗೆಳೆಯ ಮುಖ ಸಣ್ಣ ಮಾಡುತ್ತಾನೆ. ಅಷ್ಟರಲ್ಲಿ ಮೈಸೂರಿನವನೊಬ್ಬ ಬಾಯಿ ಹಾಕುತ್ತಾನೆ: 'ಬಿಚ್ಚಿದರೆ ನಮ್ಮನ್ನು ಕಾಯುತ್ತದೆ, ನಂಬಿದರೆ ಕೈಕೊಡುತ್ತದೆ, ಏನು ಅಂತ ಕೇಳಯ್ಯಾ. ಛತ್ರಿ!' ಸತ್ತ ಒಗಟು ಎದ್ದು ಕೂರುತ್ತದೆ. ಹಳ್ಳಿಯ ಒಗಟುಗಳು ನುಣುಪಾದದ್ದೂ ಹೀಗೆಯೇ, ತಲೆಮಾರುಗಟ್ಟಲೆ ಕೇಳಿದವರು ಒರಟನ್ನು ಉಜ್ಜಿದ್ದರಿಂದ. ಒಗಟಪ್ಪನ ಸರಕು ಒರಟಾಗಿದ್ದರೆ ಅರ್ಧ ತಪ್ಪು ಅವನದು, ಇನ್ನರ್ಧ 'ಹ್ಞೂಂ' ಎಂದು ಸುಮ್ಮನಾದ ನಮ್ಮದು.

ಇನ್ನೂ ಬಲವಾದ ಆಕ್ಷೇಪ ಬೇರೆಯದು. ಶ್ಲೇಷೆ ನಾಟಕಕಾರ ಕೈಲಾಸಂ ಬಾಯಲ್ಲಿ, ಪತ್ರಕರ್ತ ವೈಎನ್‌ಕೆ ಬಾಯಲ್ಲಿ ಚೆಂದ. ಇವನ ಬಾಯಲ್ಲಿ ಅದು ಮಾತಿಗೆ ಅಡ್ಡ ಬರುವ ಎಮ್ಮೆ. ಆಸ್ತಿ ಪಾಲಿನ ಮಾತು ನಡೆಯುತ್ತಿದ್ದರೆ ಇವನಿಗೆ ಹಾಲಿನ ನೆನಪು. ಒಪ್ಪೋಣ. ಆದರೆ ಮಾತಿಗೆ ಅಡ್ಡ ಬರುವುದಕ್ಕೂ ನಮ್ಮಲ್ಲಿ ಒಂದು ಪೀಠವಿದೆ. ಅಷ್ಟಾವಧಾನದಲ್ಲಿ ಪ್ರಶ್ನೆ ಒಡ್ಡುವ ಎಂಟು ಪೃಚ್ಛಕರ ಪೈಕಿ ಅಪ್ರಸ್ತುತ ಪ್ರಸಂಗಿಯೆಂಬವನ ಕೆಲಸವೇ ಅಸಂಬದ್ಧ ಪ್ರಶ್ನೆ ಎಸೆದು, ಎಲ್ಲರಿಗೂ ಉತ್ತರಿಸಬೇಕಾದ ಅವಧಾನಿಯ ಏಕಾಗ್ರತೆ ಕೆಡಿಸುವುದು. ಸಭೆ ಹೆಚ್ಚಾಗಿ ನಗುವುದು ಅವನಿಂದಲೇ. ಕೊನೆಗೆ ಶಾಲು, ಹಾರವೂ ಸಿಗುತ್ತವೆ. ಒಗಟಪ್ಪ ಅದೇ ಉದ್ಯೋಗವನ್ನು ನೇಮಕಾತಿ ಆದೇಶವಿಲ್ಲದೆ, ಶಾಲಿಲ್ಲದೆ, ರಜೆಯಿಲ್ಲದೆ ಮಾಡುತ್ತಿದ್ದಾನೆ. ಅವನ ನಿಜವಾದ ದೋಷ ಒಂದೇ: ಅವಧಾನಿಗೆ ಉತ್ತರಿಸಲು ಅವಕಾಶವಿರುತ್ತದೆ, ನಮಗೆ ಇವನು ಅವಕಾಶ ಕೊಡುವುದಿಲ್ಲ. ಎಲ್ಲಿ ನಾವು ಎದ್ದುಹೋಗುತ್ತೇವೋ ಎಂಬ ಭಯಕ್ಕೆ ಉತ್ತರವನ್ನು ತಾನೇ ಒಡೆದುಬಿಡುತ್ತಾನೆ. ಕಾಫಿ ತರಿಸಿ ಎರಡೂ ಲೋಟ ತಾನೇ ಕುಡಿದವನ ಹಾಗೆ.

ಆದ್ದರಿಂದ ಮದ್ದು ಅವನಿಂದ ತಪ್ಪಿಸಿಕೊಳ್ಳುವುದರಲ್ಲಿ ಇಲ್ಲ, ತಿರುಗಿಸಿ ಕೇಳುವುದರಲ್ಲಿದೆ. ಇದನ್ನು ಅರಿತ ಗುಂಪಿನಲ್ಲಿ ಯಾರಾದರೊಬ್ಬರು ಗಂಭೀರವಾಗಿ ಕೇಳುತ್ತಾರೆ: 'ಒಗಟಪ್ಪಾ, ಒಂದೂ ಮರವಿಲ್ಲ, ಆದರೂ ದಿನಾ ಕಾಡು. ಏನದು?' ಸುತ್ತ ಕುಳಿತ ಎಲ್ಲರಿಗೂ ಉತ್ತರ ಗೊತ್ತು, ಲಗ್ನಪತ್ರಿಕೆಯ ಹೆಸರಿನಷ್ಟೇ ಚೆನ್ನಾಗಿ. ಗೊತ್ತಿಲ್ಲದವನು ಅವನೊಬ್ಬನೇ. ಹಣೆ ಗಂಟಿಕ್ಕಿ, ಬೆರಳು ಮಡಿಸಿ, 'ತಡಿ, ಹೇಳಬೇಡ, ಹೇಳಬೇಡ' ಎನ್ನುತ್ತಾ ಕೂರುತ್ತಾನೆ. ಆ ಹೊತ್ತಿನಲ್ಲಿ ಗುಂಪಿಗೆ ನೆಮ್ಮದಿ. ಒಗಟಪ್ಪನಿಗೋ, ಕೊನೆಗೂ ತನ್ನನ್ನು ಒಬ್ಬರು ಕೇಳಿದರಲ್ಲ ಎಂಬ ಹಿಗ್ಗು.