ಪಾಯಿಂಟಿಗೆ ಹೊರಟ ದಂತಪಡೆ

ಕ್ಲಿನಿಕ್ಕಿನ ಬಾಗಿಲಿಗೆ ‘ಡಾಕ್ಟರು ಕಾನ್ಫರೆನ್ಸಿಗೆ ಹೋಗಿದ್ದಾರೆ, ಸೋಮವಾರ ಸಿಗುತ್ತಾರೆ’ ಎಂಬ ಚೀಟಿ ಬಿದ್ದ ದಿನವೇ ಊರಿನ ಅರ್ಧ ಜನಕ್ಕೆ ಹಲ್ಲುನೋವು ಶುರುವಾಗುತ್ತದೆ. ಅಷ್ಟರಲ್ಲಿ ದಂತಪಡೆಯ ಟೆಂಪೋ ಟ್ರಾವೆಲರ್ ಹಾಸನ ಬಿಟ್ಟು ಮಂಗಳೂರಿನ ದಾರಿ ಹಿಡಿದಿರುತ್ತದೆ. ಮುಂದಿನ ಸೀಟಿನಲ್ಲಿ ಡಾಕ್ಟರು, ಅವರ ಹಿಂದೆ ಮೇಡಂ (ಅವರೂ ಡಾಕ್ಟರೇ, ಕ್ಲಿಪ್ ಹಾಕುವವರು), ಆಮೇಲೆ ಜೂನಿಯರ್ ಡಾಕ್ಟರು, ರಿಸೆಪ್ಷನ್ ಅಕ್ಕ. ಕೊನೆಯ ಸೀಟಿನಲ್ಲಿ ತಿಂಡಿ ಚೀಲದ ಜೊತೆ ಅಸಿಸ್ಟೆಂಟ್ ಹುಡುಗಿ.

ದಂತವೈದ್ಯರು ರಾಜ್ಯ ದಂತ ಪರಿಷತ್ತಿನ ನೋಂದಣಿ ಉಳಿಸಿಕೊಳ್ಳಲು ಸಿಡಿಇ (ಮುಂದುವರಿದ ದಂತ ಶಿಕ್ಷಣ) ಪಾಯಿಂಟು ಕೂಡಿಸಬೇಕು. ಡಿಗ್ರಿ ಸಿಕ್ಕಮೇಲೂ ಓದು ಮುಗಿಯಬಾರದು ಎಂಬುದು ಇದರ ಉದ್ದೇಶ. ಪಾಯಿಂಟಿಗೆ ಡಾಕ್ಟರೊಬ್ಬರೇ ಹೋದರೂ ನಡೆಯುತ್ತಿತ್ತು. ಆದರೆ ಹಿಂದಿನ ಕಾನ್ಫರೆನ್ಸಿನಲ್ಲಿ ಅವರು ‘ಟೀಮ್ ಬಿಲ್ಡಿಂಗ್’ ಬಗ್ಗೆ ಭಾಷಣ ಕೇಳಿ ಬಂದಿದ್ದರು. ಮೇಡಂಗೂ ಮಂಗಳೂರಿನಲ್ಲಿ ಒಂದು ಆರತಕ್ಷತೆ ಇತ್ತು. ಟೀಮ್ ಕಟ್ಟಿಕೊಂಡಿತು.

ಸಕಲೇಶಪುರ ಬರುವ ಮೊದಲೇ ಕಡಲೆ ಚಿಕ್ಕಿಯ ಪೊಟ್ಟಣ ಒಡೆಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅಂಟು ಸಿಹಿ ಮುಟ್ಟಬೇಡಿ ಎಂದು ದಿನವಿಡೀ ಊರಿಗೆ ಬುದ್ಧಿ ಹೇಳುವ ಕೈಗಳೆಲ್ಲ ಚೀಲದೊಳಗೆ. ಜೂನಿಯರ್ ಶಾಸ್ತ್ರ ತೆಗೆದರು: ಸಿಹಿ ತಿಂದಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಹಾಗಾಗಿ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದು ಮುಖ್ಯ. ಎಲ್ಲರೂ ತಲೆಯಾಡಿಸಿ, ವಿಜ್ಞಾನಕ್ಕೆ ಮರ್ಯಾದೆ ಕೊಟ್ಟು, ಇಡೀ ಪೊಟ್ಟಣವನ್ನು ಒಂದೇ ಸಲಕ್ಕೆ ಮುಗಿಸಿದರು. ಡಾಕ್ಟರು ಮಾತ್ರ ಎಡಗಡೆಯಲ್ಲೇ ಅಗಿದರು. ಬಲಗಡೆಯ ರೂಟ್ ಕೆನಾಲ್ ‘ಬಿಡುವಾದಾಗ ಮಾಡಿಸೋಣ’ ಎಂದು ವರ್ಷಗಳಿಂದ ನಿಂತಿರುವುದು ಸ್ಟಾಫಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ.

ಈ ಪಡೆಗೆ ಜನರ ಹೆಸರು ನೆನಪಿರುವುದಿಲ್ಲ, ಹಲ್ಲಿನ ನಂಬರ್ ನೆನಪಿರುತ್ತದೆ. ‘ಸಾರ್, 46 ಅಂಕಲ್ ಫೋನ್ ಮಾಡ್ತಾ ಇದಾರೆ’ ಎಂದಳು ಅಕ್ಕ. 46 ಎಂದರೆ ಕೆಳಗಿನ ಬಲ ದವಡೆಯ ಮೊದಲ ದೊಡ್ಡ ಹಲ್ಲು. ಅಷ್ಟರಲ್ಲಿ ಶಿರಾಡಿ ಘಾಟಿ ನೆಟ್‌ವರ್ಕ್ ನುಂಗಿತು. ಡಾಕ್ಟರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಉಪ್ಪಿನಂಗಡಿಯ ಹೋಟೆಲಿನಲ್ಲಿ ಗೋಳಿಬಜೆ ತಂದಿಟ್ಟ ಹುಡುಗ ಮರ್ಯಾದೆಗೆ ಒಮ್ಮೆ ನಕ್ಕ, ಕೆಟ್ಟ. ‘ಮೇಲಿನ 21 ಮುರಿದಿದೆ’ ಎಂದರು ಜೂನಿಯರ್. ‘ಮೊದಲು ಕ್ಲಿಪ್ ಬೇಕು’ ಎಂದರು ಮೇಡಂ. ಅವನು ಬಿಲ್ಲು ಕೊಡಲು ಬೇರೆಯವನನ್ನು ಕಳಿಸಿದ.

ಕಾನ್ಫರೆನ್ಸಿನಲ್ಲಿ ಮೊದಲು ಬ್ಯಾಗು, ಆಮೇಲೆ ಜ್ಞಾನ. ಕೊರಳಿಗೆ ಪಟ್ಟಿ, ಕೈಗೆ ಚೀಲ, ಚೀಲದಲ್ಲಿ ಪೆನ್ನು ಮತ್ತು ಸ್ಯಾಂಪಲ್ ಪೇಸ್ಟು. ಭಾಷಣಕಾರರು ಇಂಪ್ಲಾಂಟಿನ ಇತಿಹಾಸ ಹೇಳುತ್ತಿದ್ದರು: ಸ್ವೀಡನ್ನಿನ ಬ್ರೋನೆಮಾರ್ಕ್ ಟೈಟೇನಿಯಂ ಮೂಳೆಯ ಜೊತೆ ಬೆಸೆದುಕೊಳ್ಳುವುದನ್ನು ಕಂಡರು, 1965ರಲ್ಲಿ ಮೊದಲ ರೋಗಿಗೆ ಅದನ್ನು ಕೂರಿಸಿದರು. ನಮ್ಮ ಡಾಕ್ಟರು ಅಷ್ಟೇ ಗಟ್ಟಿಯಾಗಿ ಕುರ್ಚಿಗೆ ಬೆಸೆದುಕೊಂಡು ನಿದ್ದೆ ಹೋಗಿದ್ದರು. ನಡುನಡುವೆ ಎಚ್ಚರಾದಾಗ ಸ್ಲೈಡಿನ ಫೋಟೋ ಹೊಡೆದುಕೊಂಡರು. ಮೇಡಂ ಸ್ಟಾಲಿನಲ್ಲಿ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿಗೆ ಚೌಕಾಸಿ ನಡೆಸಿದ್ದರು. ಅದು ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುತ್ತದಂತೆ. ಬೆಲೆ ಕೇಳಿದ ಮೇಡಂ ತಲೆಯೂ ಅಷ್ಟೇ.

ಪಕ್ಕದ ಸಣ್ಣ ಹಾಲಿನಲ್ಲಿ ಉಪಕರಣಗಳ ಶುದ್ಧಿಯ ಬಗ್ಗೆ ಪಾಠ. ಕೇಳಲು ಕೂತವರು ಬೆರಳೆಣಿಕೆ, ಅವರಲ್ಲಿ ನಮ್ಮ ಅಸಿಸ್ಟೆಂಟ್ ಹುಡುಗಿ. ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಳು: ಆಟೋಕ್ಲೇವ್ 121 ಡಿಗ್ರಿ, ಕಡೇಪಕ್ಷ 15 ನಿಮಿಷ, ತುರುಕಿ ತುಂಬಬಾರದು, ಉಪಕರಣ ಇಡುವ ಕಾಗದದ ಪೌಚ್ ಒದ್ದೆ ಇದ್ದರೆ ಬಳಸಬಾರದು, ಒದ್ದೆ ಕಾಗದದಲ್ಲಿ ಕ್ರಿಮಿ ನುಸುಳುತ್ತದೆ, ಪ್ರತಿ ರೋಗಿ ಎದ್ದಮೇಲೆ ಹ್ಯಾಂಡ್‌ಪೀಸಿನಲ್ಲಿ 20ರಿಂದ 30 ಸೆಕೆಂಡ್ ನೀರು ಬಿಡಬೇಕು. ಕೊನೆಗೆ ಎದ್ದು ನಿಂತು ಕೇಳಿಯೂಬಿಟ್ಟಳು: ‘ಸಾರ್, ಡಾಕ್ಟರು ಬೇಗ ಕೊಡು ಅಂತ ಗದರಿದರೆ?’ ಹಾಲಿಗೆ ಹಾಲೇ ನಕ್ಕಿತು. ಉತ್ತರ ಮಾತ್ರ ಬರಲಿಲ್ಲ.

ಸಂಜೆ ಆರತಕ್ಷತೆ, ಅದರ ಮೇಲೆ ಎತ್ತರದ ಗಾಜಿನ ಲೋಟದಲ್ಲಿ ಗಡ್‌ಬಡ್ ಐಸ್‌ಕ್ರೀಮು. ಡಾಕ್ಟರು ಮೊದಲ ಚಮಚಕ್ಕೇ ಬಲಗೆನ್ನೆ ಹಿಡಿದುಕೊಂಡರು. ಗ್ರೂಪ್ ಫೋಟೋದವನು ‘ಹಲ್ಲು ಕಾಣೋ ಹಾಗೆ ನಗಿ’ ಎಂದಾಗ ಇಡೀ ದಂತಪಡೆಯಲ್ಲಿ ತುಟಿ ಬಿಗಿದವರು ಅವರೊಬ್ಬರೇ.

ಸೋಮವಾರ ಕ್ಲಿನಿಕ್ಕಿನ ಗೋಡೆಗೆ ಡಾಕ್ಟರ ಸರ್ಟಿಫಿಕೇಟು ಏರಿತು. ಪಾಯಿಂಟು ಅವರ ಖಾತೆಗೆ, ಹ್ಯಾಂಡ್‌ಪೀಸಿನ ಸಾಲ ಮೇಡಂ ಖಾತೆಗೆ. ಹುಡುಗಿಗೆ ಯಾವ ಪಾಯಿಂಟೂ ಇಲ್ಲ. ಆದರೆ ಅವತ್ತಿನಿಂದ ಆಟೋಕ್ಲೇವ್ ತುರುಕಿ ತುಂಬುವುದು ನಿಂತಿತು, ಪೌಚ್ ಒಣಗುವವರೆಗೆ ಡಾಕ್ಟರೇ ಕೈಕಟ್ಟಿ ಕಾಯಬೇಕಾಯಿತು. ಪ್ರವಾಸದಿಂದ ಓದಿಕೊಂಡು ಬಂದವಳು ಅವಳೊಬ್ಬಳೇ. ಆದ್ದರಿಂದ ಮುಂದಿನ ಸಲ ಹಲ್ಲಿನ ಕುರ್ಚಿಯಲ್ಲಿ ಒರಗಿದಾಗ ಗೋಡೆಯ ಸರ್ಟಿಫಿಕೇಟು ಎಣಿಸಬೇಡಿ. ಪಕ್ಕದಲ್ಲಿ ಸಕ್ಷನ್ ಹಿಡಿದು ನಿಂತವಳನ್ನು ‘ಪೌಚ್ ಒಣಗಿದೆಯೇನಮ್ಮಾ?’ ಎಂದು ಕೇಳಿ. ಬಾಯಿಗೆ ಹತ್ತಿ ತುರುಕುವ ಮೊದಲೇ ಕೇಳಿ; ಆಮೇಲೆ ನಿಮ್ಮ ಪ್ರಶ್ನೆ ಯಾರಿಗೂ ಅರ್ಥವಾಗುವುದಿಲ್ಲ.