ಸರ್ಚಣ್ಣ

ಸರ್ಚಣ್ಣನಂಥವರು ತುರ್ವಿಹಾಳದಲ್ಲಿ ಒಬ್ಬರಿದ್ದರೆ ಸಿಂಧನೂರಿನಲ್ಲಿ ಓಣಿಗೊಬ್ಬರು. ಮಸ್ಕಿ, ಲಿಂಗಸುಗೂರಿಗೂ ಕೊರತೆಯಿಲ್ಲ. ಅವನದು ಝೆರಾಕ್ಸ್, ಪಹಣಿ, ಬೆಳೆ ವಿಮೆ ಅರ್ಜಿ, ಅರ್ಜೆಂಟ್ ಫೋಟೊ ಎಲ್ಲವೂ ಆಗುವ ಅಂಗಡಿ. ಬೋರ್ಡಿನ ಕೆಳಗಡೆ ಅವನದೇ ವೆಬ್‌ಸೈಟಿನ ವಿಳಾಸ. ಪೇಂಟರ್ ಅದರಲ್ಲೊಂದು ಚುಕ್ಕೆ ಮರೆತಿದ್ದಾನೆ. ತೋರಿಸಿದರೆ ಸರ್ಚಣ್ಣನಿಗೆ ಬೇಸರವೇನಿಲ್ಲ. "ಇರ್ಲಿ ಬಿಡ್ರಿ, ಮನ್ಯಾಗ ಕುಂತು ಯಾರ್ ಟೈಪ್ ಮಾಡ್ತಾರ? ಎಲ್ಲಾರೂ ಇಲ್ಲೇ ಬಂದು ಕೇಳ್ತಾರ."

ಈ ಹೆಸರು ಬಂದಿದ್ದು ಆ ವೆಬ್‌ಸೈಟಿನ ನೆತ್ತಿಯ ಮೇಲಿರುವ ಹುಡುಕುವ ಪೆಟ್ಟಿಗೆಯಿಂದ. ಅದು ಭತ್ತಕ್ಕಷ್ಟೇ ಮೀಸಲು. ಗೂಗಲ್ 2006ರಲ್ಲೇ ಬಿಟ್ಟ ಸವಲತ್ತು ಇದು. ನಮಗೆ ಬೇಕಾದ ತಾಣಗಳ ಪಟ್ಟಿ ಕೊಟ್ಟರೆ ಅಷ್ಟರೊಳಗೇ ಹುಡುಕುತ್ತದೆ, ಅವರು ಕೊಟ್ಟ ನಾಲ್ಕು ಸಾಲು ಕೋಡನ್ನು ನಮ್ಮ ಪುಟಕ್ಕೆ ಅಂಟಿಸಿದರೆ ಮುಗಿಯಿತು. ಕಾಸಿಲ್ಲ, ಜಾಹೀರಾತು ಸಹಿಸಿದರೆ ಸಾಕು. ಸರ್ಚಣ್ಣ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಕೃಷಿ ಇಲಾಖೆ, ಮಾರುಕಟ್ಟೆ ದರದ ತಾಣ ಎಂದು ಪಟ್ಟಿ ಕಟ್ಟಿದ. ಅವನ ತರ್ಕ ತಪ್ಪೆನ್ನಲಾಗದು. "ಬರೀ ಗೂಗಲ್‌ನ್ಯಾಗ ಸೋನಾ ಅಂತ ಹೊಡೀರಿ, ಬಂಗಾರದಂಗಡಿ ತೋರಸ್ತೈತಿ. ನಮಗ ಬೇಕಾದ್ದು ಸೋನಾ ಮಸೂರಿ. ಬೆಂಕಿ ರೋಗ ಅಂದ್ರ ಎಲ್ಲೆಲ್ಲಿ ಬೆಂಕಿ ಬಿದ್ದದ ಅಂತ ಹೇಳ್ತೈತಿ. ನನ್ನ ಪೆಟ್ಟಿಗಿ ಅಡ್ಡದಾರಿ ಹಿಡಿಯಾದೇ ಇಲ್ಲ."

ಪೆಟ್ಟಿಗೆಗೆ ಹಾಕಿದ ಈ ಬೇಲಿ ಅವನ ನಾಲಿಗೆಗಿಲ್ಲ. ಪಟ್ಟಿ ಹೇಗೆ ಮಾಡಿದಿರಿ ಎಂದು ಕೇಳಿ ನೋಡಿ. ಸೋನಾ ಮಸೂರಿಯಿಂದ ಎಡದಂಡೆ ಕಾಲುವೆಗೆ, ಅಲ್ಲಿಂದ ವಲಸೆ ಬಂದ ರೈತರ ಕ್ಯಾಂಪುಗಳ ಕಡೆ, ಕ್ಯಾಂಪಿನಿಂದ ತುಂಗಭದ್ರಾ ಜಲಾಶಯದ 33 ಗೇಟುಗಳಿಗೆ ಹೋಗುತ್ತಾನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದ ಪ್ರಸಂಗವನ್ನು ಪಕ್ಕದಲ್ಲೇ ನಿಂತು ನೋಡಿದವನ ಹಾಗೆ ಬಣ್ಣಿಸುತ್ತಾನೆ. ಅಷ್ಟರಲ್ಲಿ ನಿಮ್ಮ ಝೆರಾಕ್ಸ್ ಕಾಗದ ಯಂತ್ರದಲ್ಲಿ ಸಿಕ್ಕಿಕೊಂಡಿರುತ್ತದೆ.

ಒಮ್ಮೆ ಕಾಲುವೆಯ ಕೊನೆ ಭಾಗದ ರೈತರೊಬ್ಬರು ಬಂದು, "ನೀರ್ ಯಾವಾಗ ಬಿಡ್ತಾರ ನೋಡಪ್ಪಾ" ಎಂದರು. ಸರ್ಚಣ್ಣ ತೋಳೇರಿಸಿ ಟೈಪಿಸಿದ. ಉತ್ತರ ಶೂನ್ಯ, ಅದರ ಮೇಲೆ ಬೆಂಗಳೂರಿನ ಫ್ಲ್ಯಾಟಿನ ಜಾಹೀರಾತು. ನೀರಿನ ದಿನ ನಿರ್ಧಾರವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಸಮಿತಿಯ ಕಾಗದ ಹೊರಬರುವುದು ಮೊಬೈಲಿನಲ್ಲಿ ಹೊಡೆದ ವಾರೆ ಫೋಟೊ ಆಗಿ. ಇಲ್ಲವೇ ಹಳೆಯ ನುಡಿ ಅಕ್ಷರದಲ್ಲಿ: ಯುನಿಕೋಡ್ ಅಲ್ಲದ ಆ ಬರಹ ನಮ್ಮ ಕಣ್ಣಿಗೆ ಕನ್ನಡವಾದರೂ ಹುಡುಕುವ ಯಂತ್ರಕ್ಕೆ ಬರೀ ಗೋಜಲು. ಸಾಲದ್ದಕ್ಕೆ ಊರಿನ ಹೆಸರನ್ನೇ ಒಬ್ಬರು ತುರ್ವಿಹಾಳ, ಇನ್ನೊಬ್ಬರು ತುರುವಿಹಾಳ ಎಂದು ಬರೆದಿರುತ್ತಾರೆ. ಇದನ್ನೆಲ್ಲ ಸರ್ಚಣ್ಣ ವಿವರವಾಗಿ ತಿಳಿಸಿದ. ರೈತರು ತಾಳ್ಮೆಯಿಂದ ಕೇಳಿದರು. "ಅದಿರಲಿ, ನೀರ್ ಯಾವಾಗ?" ಎಂದರು.

ಸರ್ಚಣ್ಣ ಒಳಗೆ ಹೋಗಿ ಕಾಲುವೆಯ ಗ್ಯಾಂಗ್‌ಮನ್‌ಗೆ ಫೋನು ಹಚ್ಚಿದ. ಹೊರಬಂದು ಪರದೆ ನೋಡುತ್ತಲೇ ಹೇಳಿದ: "ಶುಕ್ರವಾರ ಅಂತ ತೋರಸಾಕತ್ತೈತಿ ನೋಡ್ರಿ."

ಕೀರ್ತಿ ಬೆಳೆದ ಮೇಲೆ ಬೇಡಿಕೆಗಳೂ ಬೆಳೆದವು. ಒಬ್ಬರು ಬಸ್ಸಿನ ವೇಳೆ ಕೇಳಿದರು, ಒಬ್ಬರು ಎಸ್‌ಎಸ್‌ಎಲ್‌ಸಿ ಫಲಿತಾಂಶ, ಒಬ್ಬರು ಅಂಬಾಮಠದ ಜಾತ್ರೆ. ಮಗಳಿಗೆ ವರ ಹುಡುಕುತ್ತಿದ್ದವರಂತೂ ದಿನಾ ಬಂದು ಕೂತರು. ಇಲ್ಲ ಎನ್ನುವ ಸ್ವಭಾವ ಸರ್ಚಣ್ಣನದಲ್ಲ. ಬಂದವರ ಮನ ನೋಯಿಸದೆ ಒಂದೊಂದೇ ತಾಣವನ್ನು ಪಟ್ಟಿಗೆ ಸೇರಿಸುತ್ತ ಹೋದ. ಕೊನೆಗೆ ಸಾಕಾಗಿ, ಇಡೀ ವೆಬ್ ಹುಡುಕು ಎಂಬ ಗುಂಡಿಯನ್ನೇ ಒತ್ತಿಬಿಟ್ಟ.

ಈಗ ಸೋನಾ ಎಂದು ಹೊಡೆದರೆ ಬಂಗಾರದಂಗಡಿಯೇ ಮೊದಲು. ಮೊನ್ನೆ ಸ್ಕಾಲರ್‌ಶಿಪ್ ಅರ್ಜಿಗೆ ಬಂದ ಕಾಲೇಜು ಹುಡುಗ ಬಹಳ ಹೊತ್ತು ಪರದೆ ನೋಡಿ ಕೇಳಿದ: "ಅಣ್ಣಾ, ಇದು ಗೂಗಲ್ಲೇ ಅಲ್ಲೇನು?"

"ಗೂಗಲ್‌ನ್ಯಾಗ ಮ್ಯಾಲ ನನ್ನ ಫೋಟೊ ಇರ್ತೈತೇನಲೇ?" ಎಂದ ಸರ್ಚಣ್ಣ, ಝೆರಾಕ್ಸಿನ ದುಡ್ಡಿಗೆ ಕೈ ಚಾಚುತ್ತ.